ಹಲ್ಲುಮೇಸ್ತ್ರಿಯ ಪೆಟ್ರೋಲ್ ಟ್ಯಾಂಕು

ಆ ಬಡಾವಣೆಯಲ್ಲಿ ಬಾಯ್ತುಂಬ ನಗುವ ಮುದುಕರಲ್ಲಿ ಅರ್ಧಕ್ಕರ್ಧ ಜನರ ನಗು ಅವನ ಕೈಯಲ್ಲೇ ತಯಾರಾದದ್ದು. ದಂತವೈದ್ಯರ ಕ್ಲಿನಿಕ್ಕಿನ ಹಿಂದೆ ಒಂಟಿ ಕಿಟಕಿಯ ಕೋಣೆಯೊಂದಿತ್ತು. ಅಲ್ಲಿ ಕೂತು ದವಡೆಯ ಅಚ್ಚಿಗೆ ಮೇಣ ಮೆತ್ತಿ, ಗುಲಾಬಿ ಬಣ್ಣದ ವಸಡು ಎರಕ ಹೊಯ್ದು, ಅದಕ್ಕೆ ಒಂದೊಂದೇ ಹಲ್ಲು ಕೂರಿಸುವುದು ಅವನ ಕಸುಬು. ಗೋಡೆ ಕಟ್ಟುವವನಿಗಿಂತ ಹೆಚ್ಚು ನಾಜೂಕಾಗಿ ಹಲ್ಲು ಕಟ್ಟುತ್ತಾನೆ ಎಂದು ಯಾರೋ ಹೊಗಳಿದ್ದೇ ನೆಪವಾಗಿ ಹಲ್ಲುಮೇಸ್ತ್ರಿ ಎಂಬ ಹೆಸರು ಅಂಟಿತು. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ತೆಪ್ಪಗೆ ಬಿದ್ದುಕೊಂಡಿತು.

ಮೇಸ್ತ್ರಿಗೆ ಜಗತ್ತಿನಲ್ಲಿ ಒಬ್ಬನೇ ಶತ್ರು: ಗಾಳಿ. ಮೇಲಿನ ಹಲ್ಲಿನ ಸೆಟ್ಟು ಅಂಗುಳಿಗೆ ಕಚ್ಚಿಕೊಂಡು ನಿಲ್ಲಬೇಕಾದರೆ ನಡುವೆ ಕೂದಲೆಳೆಯಷ್ಟೂ ಗಾಳಿ ನುಸುಳಬಾರದು. ಅವನು ಮಾಡಿದ ಸೆಟ್ಟು ಹಾಕಿಕೊಂಡು ಸೀನಿದರೆ ತಲೆ ಹಾರೀತೇ ಹೊರತು ಹಲ್ಲು ಹಾರದು ಎಂದು ಗಿರಾಕಿಗಳು ಹೇಳುತ್ತಿದ್ದರು. ಕಸುಬಿನ ಈ ಹುಚ್ಚು ಮನೆಗೂ ಬಂತು. ಕಿಟಕಿಯ ಸಂದು, ಬಾಗಿಲಿನ ಬಿರುಕು, ಡಬ್ಬಿಗಳ ಮುಚ್ಚಳ, ಕಂಡಕಂಡಲ್ಲಿ ಏನಾದರೊಂದು ಮೆತ್ತಿ ಬಿಗಿ ಮಾಡುತ್ತಿದ್ದ. ಪಾಪ, ಸಕ್ಕರೆ ಡಬ್ಬಿ ತೆಗೆಯಲು ಅವನ ಹೆಂಡತಿ ಚಮಚದ ಹಿಡಿ ತೂರಿಸಿ ಮೀಟಬೇಕಿತ್ತು. ಒಳ್ಳೆಯ ಗಂಡ, ಕುಡಿಯುವುದಿಲ್ಲ, ಬಡಿಯುವುದಿಲ್ಲ, ಬರೀ ಮುಚ್ಚುತ್ತಾನೆ ಎಂದು ಅವಳು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಹೀಗಿರುವಾಗ ಅದೇ ಮನೆಯಲ್ಲಿದ್ದ ಮೇಸ್ತ್ರಿಯ ಮಾವ ತೀರಿಕೊಂಡರು. ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತವರು ಕೂತಲ್ಲೇ ಹೋದರು. ಪಕ್ಕದಲ್ಲಿದ್ದವರು ಅತ್ತೆಯೊಬ್ಬರೇ. ಅಂದೇ ಅತ್ತೆ ತಮ್ಮ ಹಲ್ಲಿನ ಸೆಟ್ಟನ್ನು ತೆಗೆದು ನೀರಿನ ಬಟ್ಟಲಲ್ಲಿಟ್ಟರು. ಸಾವಿರ ಗಿರಾಕಿಗಳಿಗೆ ಮಾಡಿದ್ದಕ್ಕಿಂತ ಹೆಚ್ಚು ಮುತುವರ್ಜಿಯಿಂದ ಅಳಿಯ ಮಾಡಿಕೊಟ್ಟಿದ್ದ ಸೆಟ್ಟು ಅದು. ಮತ್ತೆ ಹಾಕಿಕೊಳ್ಳಲಿಲ್ಲ. ಮಾತೂ ಆಡಲಿಲ್ಲ. ಗಂಡನನ್ನು ಬೆಳಗಿನಿಂದ ಸಂಜೆಯವರೆಗೆ ಏರುದನಿಯಲ್ಲಿ ಬೈದುಕೊಂಡೇ ಸಂಸಾರ ಮಾಡಿದ್ದ ಹೆಂಗಸು ಗೋಡೆಗೆ ಮುಖ ಮಾಡಿ ಮಲಗಿದರು. ಮಗಳು ಮೆತ್ತಗೆ ಕಲಸಿ ಕೊಟ್ಟ ಅನ್ನವನ್ನು ಎರಡು ತುತ್ತು ತಿಂದು ತಟ್ಟೆ ದೂಡುತ್ತಿದ್ದರು. ಡಾಕ್ಟರು ನೋಡಿ, ಮೈಯಲ್ಲಿ ಏನೂ ಕಾಯಿಲೆಯಿಲ್ಲ, ಬದುಕುವ ಮನಸ್ಸಿಲ್ಲ ಅಷ್ಟೇ ಅಂದರು. ಅಷ್ಟೇ ಎನ್ನುವುದು ಡಾಕ್ಟರಿಗೆ ಸುಲಭ. ಮೇಸ್ತ್ರಿಯ ಹೆಂಡತಿ ಅಡುಗೆಮನೆಯಲ್ಲಿ ನಿಂತು ಬಿಕ್ಕಿಬಿಕ್ಕಿ ಅತ್ತಳು.

ಮಾವನ ಹಳೆಯ ಕಾರಿನ ನೆನಪು ಬಂದದ್ದು ಆಗಲೇ. ಷೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಅದರ ಇಂಜಿನ್ ಯಾವತ್ತೋ ಕೈಕೊಟ್ಟಿತ್ತು. ಆ ಕಾರಿನಲ್ಲಿ ಅಮ್ಮನನ್ನು ಒಂದು ಸುತ್ತು ಕರೆದುಕೊಂಡು ಹೋದರೆ ಮನಸ್ಸು ತಿರುಗೀತು ಎಂದು ಹೆಂಡತಿ ಹಟ ಹಿಡಿದಳು. ಅವಳ ತಮ್ಮ, ಅಂದರೆ ಮೇಸ್ತ್ರಿಯ ಭಾವಮೈದ, ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಗೋಡೆಗೆ ಗುದ್ದಿ ನುಜ್ಜುಗುಜ್ಜಾದ ಬ್ರೆಡ್ಡಿನ ವ್ಯಾನೊಂದರ ಇಂಜಿನನ್ನು ಅವನು ಎಲ್ಲಿಂದಲೋ ಹೊಂದಿಸಿ ತಂದ. ಅದು ಹೊಸ ಕಾಲದ ಇಂಜಿನ್. ಅದಕ್ಕೆ ಪೆಟ್ರೋಲ್ ಒತ್ತಡದಲ್ಲಿ ಬರಬೇಕು, ಒತ್ತಿ ಕಳಿಸುವ ಪಂಪು ಟ್ಯಾಂಕಿನ ಹೊಟ್ಟೆಯೊಳಗೇ ಇರುತ್ತದೆ. ಹಾಗಾಗಿ ವ್ಯಾನಿನ ಟ್ಯಾಂಕೂ ಜೊತೆಗೆ ಬಂತು. ಹಳೇ ಕಾರಿನ ಮೈಗೆ ವ್ಯಾನಿನ ಹೃದಯ, ವ್ಯಾನಿನ ಹೊಟ್ಟೆ. ಕೂರುವುದಿಲ್ಲ ಎಂದದ್ದನ್ನೆಲ್ಲ ಭಾವಮೈದ ಕೊಯ್ದು, ಬೆಸೆದು, ಬಡಿದು ಕೂರಿಸಿದ. ಒಂದೇ ಒಂದು ಉಳಿಯಿತು. ಟ್ಯಾಂಕಿನ ಬಾಯಿ ಅಪಘಾತದಲ್ಲಿ ಸೊಟ್ಟಗಾಗಿತ್ತು. ಯಾವ ಕ್ಯಾಪೂ ಅದಕ್ಕೆ ಹೊಂದಲಿಲ್ಲ.

"ಬಾಯಿ ಸೊಟ್ಟಗಿದ್ರೆ ನನ್ನ ಹತ್ರ ಬಿಡು" ಅಂದ ಮೇಸ್ತ್ರಿ.

ಅಚ್ಚಿನ ಪುಡಿ ಕಲಸಿ ಟ್ಯಾಂಕಿನ ಬಾಯಿಗೆ ಒತ್ತಿ ಅಳತೆ ತೆಗೆದ. ಗುಲಾಬಿ ವಸಡಿನ ಸಾಮಾನಿನಲ್ಲೇ ಕ್ಯಾಪು ಎರಕ ಹೊಯ್ದ. ಒಳಗೆ ಮೆತ್ತನೆಯ ರಬ್ಬರು ಕೂರಿಸಿ, ಉಜ್ಜಿ, ಪಾಲಿಶ್ ಹಾಕಿದ. ಒತ್ತಿದರೆ ಕಚ್ ಎಂದು ಕಚ್ಚಿಕೊಳ್ಳುತ್ತಿತ್ತು. ಕಾರಿನ ಹಿಂದಿನಿಂದ ನೋಡಿದವರಿಗೆ ಅದು ನಾಲಿಗೆ ಚಾಚಿದಂತೆ ಕಾಣುತ್ತಿತ್ತು, ಆ ಮಾತು ಬೇರೆ. ಹಿಂದಿನ ಸೀಟಿಗೆ ಪೆಟ್ರೋಲ್ ವಾಸನೆ ಬರುತ್ತದೆ ಎಂದು ಹೆಂಡತಿ ಮೂಗು ಮುಚ್ಚಿಕೊಂಡದ್ದೇ ತಡ, ಮೇಸ್ತ್ರಿ ಕಾರಿನಡಿ ತೂರಿ ಹುಡುಕಿದ. ಟ್ಯಾಂಕಿನಿಂದ ಹೊರಟು ಎಲ್ಲಿಗೂ ಹೋಗದೆ ಸುಮ್ಮನೆ ಜೋತುಬಿದ್ದಿದ್ದ ಸಣ್ಣ ಪೈಪೊಂದು ಸಿಕ್ಕಿತು. ಅದರ ಬಾಯಿಗೂ ಗುಲಾಬಿ ಬಿರಡೆ ಜಡಿದ. ಯಾರಿಗೂ ಹೇಳಲಿಲ್ಲ. ಸಂದು ಮುಚ್ಚುವುದನ್ನು ಊರಿಗೆಲ್ಲ ಸಾರಿಕೊಂಡು ಮಾಡುವ ಮನುಷ್ಯ ಅವನಲ್ಲ.

ಮೊದಲ ಸವಾರಿಗೆ ಅತ್ತೆಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಬಂದು ಹಿಂದಿನ ಸೀಟಿನಲ್ಲಿ ಕೂರಿಸಿದರು. ಕಾರು ಬೆಣ್ಣೆಯಂತೆ ಹೊರಟಿತು. ಪೇಟೆ ದಾಟಿ ಸೇತುವೆಯ ಏರು ಹತ್ತುವಾಗ ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಮುಗ್ಗರಿಸಿತು, ಬಸ್ ಸ್ಟಾಪಿನ ಎದುರು ತಟಕ್ಕನೆ ನಿಂತೇಬಿಟ್ಟಿತು. ಎಷ್ಟು ತಿರುವಿದರೂ ಕಿರ್ ಕಿರ್ ಎನ್ನುವುದೇ ಹೊರತು ಹೊತ್ತಿಕೊಳ್ಳಲಿಲ್ಲ. ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಇಂಜಿನ್ ಬದಲಾದಾಗಿನಿಂದ ಸತ್ತೇ ಇತ್ತು. ಮೇಸ್ತ್ರಿ ಇಳಿದು, ಒಳಗೆ ಬಗ್ಗಿ ನೋಡೋಣವೆಂದು ಕ್ಯಾಪನ್ನು ಜಗ್ಗಿ ತೆಗೆದ.

ಉಸ್ಸ್ಸ್!

ದೀರ್ಘವಾದ, ಸುಸ್ತಾದ, ಸಂಸಾರ ಸಾಕಾದ ಉಸಿರು. ಹಿಂದಿನ ಸೀಟಿನಲ್ಲಿ ಗೊಂಬೆಯಂತೆ ಕೂತಿದ್ದ ಅತ್ತೆ ನೆಟ್ಟಗಾದರು. ಹೆಂಡತಿ ಬಾಯಿಗೆ ಕೈ ಹಿಡಿದಳು. ಮಾವ ಬದುಕಿದ್ದಾಗ ಅತ್ತೆ ಏನೇ ಅಂದರೂ ಎದುರಾಡುತ್ತಿರಲಿಲ್ಲ, ಉಸ್ಸ್ ಎನ್ನುತ್ತಿದ್ದರು. ಅದೇ ಉದ್ದ, ಅದೇ ಬೇಸರ. ಅತ್ತೆ ತಾವಾಗಿಯೇ ಬಾಗಿಲು ತೆಗೆದು ಇಳಿದು, ಟ್ಯಾಂಕಿನ ಬಾಯಿಗೆ ಬಗ್ಗಿ, ಬೊಚ್ಚುಬಾಯಲ್ಲಿ ಏನೋ ಅಂದರು. ಮಾವ ಹೋದಮೇಲೆ ಅವರು ಆಡಿದ ಮೊದಲ ಮಾತು. ಮೇಸ್ತ್ರಿಗೆ ಅರ್ಥವಾಗಲಿಲ್ಲ. ಹೆಂಡತಿ ಪಿಸುಗುಟ್ಟಿದಳು: "'ಅಲ್ಲಿ ಹೋಗಿ ಕೂತಿದ್ದೀರೇನ್ರೀ, ಮಕ್ಕಳಿಗೆ ತೊಂದ್ರೆ ಕೊಡೋಕೆ' ಅಂತಿದ್ದಾಳೆ."

ಕ್ಯಾಪು ಹಾಕಿ ಕೀಲಿ ತಿರುವಿದರೆ ಇಂಜಿನ್ ಮೊದಲ ಸಲಕ್ಕೇ ಹೊತ್ತಿಕೊಂಡಿತು.

ಮನೆಗೆ ಬಂದದ್ದೇ ಅತ್ತೆ ಬಟ್ಟಲಿಗೆ ಕೈ ಹಾಕಿ ಹಲ್ಲು ಹಾಕಿಕೊಂಡರು. ಮರುದಿನದಿಂದ ಮೇಸ್ತ್ರಿ ಕೆಲಸಕ್ಕೆ ಹೊರಟರೆ ಅತ್ತೆಯೂ ಜೊತೆಗೆ. ಅವರಿಲ್ಲದೆ ಕಾರು ಸೇತುವೆ ದಾಟುವುದಿಲ್ಲ ಎಂಬುದು ಇಡೀ ಮನೆಗೆ ಖಾತ್ರಿಯಾಗಿತ್ತು. ಸೇತುವೆಯ ಏರಿನಲ್ಲಿ ಕಾರು ನಿಲ್ಲುವುದು, ಅತ್ತೆ ಇಳಿಯುವುದು, ಕ್ಯಾಪು ಕೀಳುವುದು, ಒಳಗಿನಿಂದ ಉಸ್ಸ್ ಎನ್ನುವುದು, ಅತ್ತೆ ಸೊಂಟಕ್ಕೆ ಕೈಯಿಟ್ಟು ಶುರು ಮಾಡುವುದು. "ಆ ಛತ್ರಿ ಎಲ್ಲಿ ಬಿಟ್ಟು ಬಂದ್ರಿ ಅಂತ ಸಾಯೋವರೆಗೂ ಹೇಳ್ಲಿಲ್ಲವಲ್ಲಾ!" "ನನ್ನ ತಂಗಿ ಮದುವೇಲಿ ಗೊರಕೆ ಹೊಡೆದ್ರಲ್ಲ, ನಾನು ಮರೆತಿದ್ದೀನಿ ಅಂದ್ಕೊಂಡ್ರಾ?" ಬಸ್ ಸ್ಟಾಪಿನ ಜನ ಬಂದ ಬಸ್ಸನ್ನು ಬಿಟ್ಟು ಕೇಳುತ್ತಿದ್ದರು. ಒಂದು ದಿನ ತಪ್ಪಿಸಿಕೊಂಡವರು ಮರುದಿನ, "ಅಜ್ಜಿ, ಆ ಛತ್ರಿ ಕಥೆ ಎಲ್ಲಿಗೆ ಬಂತು?" ಎಂದು ವಿಚಾರಿಸುತ್ತಿದ್ದರು. ಅಳಿಯನ ಕೋಣೆಯಲ್ಲಿ ಸಂಜೆಯತನಕ ಪ್ಲಾಸ್ಟರಿನ ದವಡೆಗಳ ನಡುವೆ ಕೂತು ಅತ್ತೆ ಗಿರಾಕಿಗಳ ಬಾಯಿಗೂ ಬಾಯಿ ಹಾಕುತ್ತಿದ್ದರು. ಊಟ ಸೇರತೊಡಗಿತು. ಕೆನ್ನೆ ತುಂಬಿಕೊಂಡಿತು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಕೆಟ್ಟ ಯಂತ್ರ ಅಜ್ಜಿ ಬೈದರೆ ಸರಿಹೋಗುತ್ತದಂತೆ ಎಂದು ಅಕ್ಕಪಕ್ಕದವರು ಮಿಕ್ಸಿ ತಂದರು, ಹೊಲಿಗೆ ಯಂತ್ರ ತಂದರು, ನೀರೆತ್ತುವ ಮೋಟಾರನ್ನು ತಳ್ಳುಗಾಡಿಯಲ್ಲಿ ತಂದರು. ಕೆಲವು ಸರಿಹೋದವು ಕೂಡ, ತರುವ ದಾರಿಯ ಕುಲುಕಾಟಕ್ಕೋ ಏನೋ. ಒಬ್ಬಾಕೆ ಗಂಡನನ್ನೇ ಕೈಹಿಡಿದು ಎಳೆದು ತಂದಳು. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಇದಕ್ಕೆ ಗ್ಯಾರಂಟಿ ಮುಗಿದಿದೆ, ತಗೊಂಡು ಹೋಗಮ್ಮಾ" ಎಂದು ಕಳಿಸಿದರು.

ಇದೆಲ್ಲ ನೋಡಿ ನಗು ಬಾರದ ಒಬ್ಬನೇ ಮನುಷ್ಯ ಭಾವಮೈದ. ಅವನು ಕೂರಿಸಿದ ಇಂಜಿನ್ ದಿನಾ ನಡುರಸ್ತೆಯಲ್ಲಿ ಮಾನ ಕಳೆಯುತ್ತಿತ್ತು. ಬಂದು ಫಿಲ್ಟರ್ ಬದಲಾಯಿಸಿದ. ಪಂಪಿಗೆ ಹೋಗುವ ವೈರು ಸಣ್ಣದಾಯಿತೆಂದು ದಪ್ಪದ್ದನ್ನು ಎಳೆದ. ಪಂಪಿಗೆ ಕರೆಂಟು ಬಿಡುವ ರಿಲೇ ಕಿತ್ತು ಬೇರೆ ಹಾಕಿದ. ಕಾರು ಅದೇ ಸೇತುವೆಯಲ್ಲಿ ಅದೇ ಗತ್ತಿನಿಂದ ನಿಂತಿತು. ಕೊನೆಗೆ ಪೆಟ್ರೋಲಿನ ಒತ್ತಡ ಅಳೆಯುವ ಗೇಜಿಗೆ ಉದ್ದದ ಪೈಪು ಸಿಕ್ಕಿಸಿ, ಮುಂದಿನ ಗಾಜಿಗೆ ಟೇಪಿನಿಂದ ಅಂಟಿಸಿ, ಮೇಸ್ತ್ರಿಯ ಪಕ್ಕದಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಾ ಹೊರಟ. ಹೊರಟಾಗ ಮುಳ್ಳು ಗಟ್ಟಿಯಾಗಿ ನಿಂತಿತ್ತು. ಪೇಟೆಯಲ್ಲಿ ಸ್ವಲ್ಪ ಇಳಿಯಿತು. ಏರಿನಲ್ಲಿ ಸೋತು ಮಲಗಿತು. ಇಂಜಿನ್ ನಿಂತಿತು. ಅತ್ತೆ ಇಳಿದು ಕ್ಯಾಪು ಕಿತ್ತರು. ಅವರು ಬೈಯಲು ಬಾಯಿ ತೆರೆಯುವ ಮೊದಲೇ ಭಾವಮೈದ ಕೈಚಾಚಿ ಕೀಲಿ ತಿರುವಿದ. ಮುಳ್ಳು ಚಂಗನೆ ಮೇಲೆದ್ದಿತು.

ಅವತ್ತು ಸಂಜೆ ಅವನು ಕಾರಿನಡಿ ತೂರಿ, ಬಿರಡೆ ಜಡಿದ ಪೈಪನ್ನು ಕಂಡು, ಹಾಗೇ ಅಂಗಾತ ಮಲಗಿಕೊಂಡೇ ಕೂಗಿದ.

"ಭಾವಾ, ಇದನ್ನ ಯಾರು ಮುಚ್ಚಿದ್ದು?"

"ನಾನೇ. ವಾಸನೆ ಬರ್ತಿತ್ತು."

"ಟ್ಯಾಂಕು ಉಸಿರಾಡೋ ಪೈಪು ಭಾವಾ ಇದು! ಪೆಟ್ರೋಲ್ ಹೊರಗೆ ಹೋದಷ್ಟೂ ಒಳಗೆ ಗಾಳಿ ಬರಬೇಕು. ಇಲ್ಲಿ ನೀವು ಮೂಗು ಮುಚ್ಚಿದ್ದೀರಿ, ಮೇಲೆ ಆ ಕ್ಯಾಪು ಹಾಕಿ ಬಾಯಿ ಮುಚ್ಚಿದ್ದೀರಿ. ಪಂಪು ಎಳೆದೂ ಎಳೆದೂ ಸಾಕಾಗಿ ನಿಲ್ಲುತ್ತೆ. ಬನ್ನಿ ಇಲ್ಲಿ, ನೋಡಿ, ಟ್ಯಾಂಕಿನ ತಗಡೇ ಒಳಕ್ಕೆ ಹೋಗಿದೆ!"

ಮೇಸ್ತ್ರಿ ಬಗ್ಗಿ ನೋಡಿದ. ಟ್ಯಾಂಕಿನ ಎರಡೂ ಕೆನ್ನೆ ಮುದುಕರ ಬಾಯಿಯಂತೆ ಒಳಸೇರಿದ್ದವು. ಅವನ ಮುಖ ಸಣ್ಣಗಾಯಿತು. ಆದರೂ ಸುಳ್ಳು ಯಾಕೆ ಹೇಳಬೇಕು, ಒಳಗೆಲ್ಲೋ ಹೆಮ್ಮೆಯೂ ಆಯಿತು.

"ತಗಡು ಬಗ್ಗಿದೆ. ನನ್ನ ಕ್ಯಾಪು ಬಗ್ಗಿಲ್ಲ, ನೋಡ್ಕೋ" ಅಂದ.

ಕ್ಯಾಪಿಗೊಂದು ತೂತು ಹಾಕಿ, ಪೈಪಿನ ಬಿರಡೆ ಕಿತ್ತರೆ ಮುಗಿಯಿತು. ಕೆಲಸ ಅಷ್ಟು ಸಲೀಸು. ಆದರೆ ಅಡುಗೆಮನೆಯಲ್ಲಿ ಪಿಸುದನಿಯ ಸಭೆ ಸೇರಿದಾಗ ಹೆಂಡತಿ ಖಡಾಖಂಡಿತವಾಗಿ ಹೇಳಿದಳು: "ಬೇಡ ರೀ. ಕಾರು ಕೆಟ್ಟಿದ್ರೇನೇ ಅಮ್ಮ ಸರಿ ಇರ್ತಾಳೆ. ಕಾರು ಸರಿಯಾದ್ರೆ ಅವಳು ಮತ್ತೆ ಗೋಡೆ ಕಡೆ ತಿರುಗ್ತಾಳೆ."

"ಅಕ್ಕಾ, ಪಂಪು ಈಗ್ಲೇ ಅಳ್ತಾ ಇದೆ. ಸುಟ್ಟು ಹೋಗುತ್ತೆ" ಅಂದ ತಮ್ಮ. "ಅದು ಹಾಳಾಗಿ ಹೋಗ್ಲಿ. ಏರಿನಲ್ಲಿ ನಿಂತಾಗ ಹಿಂದೆ ಲಾರಿ ಬಂದ್ರೆ? ಅಮ್ಮ ಹಿಂದಿನ ಸೀಟಲ್ಲಿರ್ತಾಳೆ."

ಹಿತ್ತಲಿನಿಂದ ಅತ್ತೆಯ ದನಿ ಕೇಳುತ್ತಿತ್ತು. ಯಾರದೋ ಇಸ್ತ್ರಿಪೆಟ್ಟಿಗೆಗೆ ಮಂಗಳಾರತಿ ನಡೆದಿತ್ತು. ಕೊನೆಗೆ ಮೇಸ್ತ್ರಿಯೇ ಹೇಳಿದ, ತೂತು ಹಾಕೋಣ, ಆದರೆ ಅತ್ತೆಗೆ ಗೊತ್ತಾಗುವುದು ಬೇಡ. ಸೇತುವೆ ಬಂದಾಗ ನಾನೇ ರಸ್ತೆ ಬದಿಗೆ ಹಾಕಿ, ಕೀಲಿ ತಿರುವಿ ಇಂಜಿನ್ ನಿಲ್ಲಿಸುತ್ತೇನೆ. ಅವರು ಬೈದು ಮುಗಿಸಲಿ, ಮತ್ತೆ ಹೊತ್ತಿಸುತ್ತೇನೆ. ಹೆಂಡತಿ ಕಣ್ಣೊರೆಸಿಕೊಂಡು ಗಂಡನ ತಲೆಯನ್ನು ಹೊಗಳಿದಳು. ಹಲ್ಲು ಕೊರೆಯುವ ಸಣ್ಣ ಮೆಷೀನಿನಲ್ಲಿ ಮೇಸ್ತ್ರಿ ತನ್ನ ಕ್ಯಾಪಿಗೆ ತಾನೇ ತೂತು ಹಾಕಿದ. ಜೀವಮಾನವಿಡೀ ತೂತು ಮುಚ್ಚಿದವನಿಗೆ ಅದು ಎಂಥ ಸಂಕಟವೆಂದು ಹಲ್ಲು ಕಟ್ಟದವರಿಗೆ ತಿಳಿಯುವುದು ಕಷ್ಟ.

ಮಾರನೆಯ ದಿನ ಸೇತುವೆಯ ಏರಿನಲ್ಲಿ ಯೋಜನೆಯಂತೆಯೇ ಕೀಲಿ ತಿರುವಿದ. ಕಾರು ನಿಂತಿತು. ಬಸ್ ಸ್ಟಾಪಿನವರು ಕತ್ತು ಚಾಚಿದರು. ಅತ್ತೆ ಇಳಿದು, ಸೆರಗು ಸಿಕ್ಕಿಸಿ, ಕ್ಯಾಪು ಕಿತ್ತರು.

ಏನೂ ಸದ್ದಿಲ್ಲ.

ಮೂವರು ಕೂತು ಇಷ್ಟೆಲ್ಲ ತಲೆ ಓಡಿಸಿದರಲ್ಲ, ಗಾಳಿ ಒಳಗೆ ಹೋಗಲು ದಾರಿಯಿದ್ದರೆ ಉಸ್ಸ್ ಎನ್ನುವುದೇ ಇಲ್ಲ ಎಂಬ ಸಣ್ಣ ವಿಷಯ ಒಬ್ಬರಿಗಾದರೂ ಹೊಳೆಯಬೇಕಲ್ಲ! ಅತ್ತೆ ಟ್ಯಾಂಕಿನ ಬಾಯಿಗೆ ಕಿವಿಯಿಟ್ಟರು. "ಏನ್ರೀ" ಅಂದರು. ಕಾದರು. ಬಸ್ಸು ಬಂದು ನಿಂತು, ಯಾರೂ ಹತ್ತದೆ, ಹೊರಟುಹೋಯಿತು. ಅತ್ತೆ ಮೆಲ್ಲಗೆ ಕ್ಯಾಪು ಮುಚ್ಚಿ ಬಂದು ಕೂತು, "ನಡೀರಿ" ಅಂದರು. ಕನ್ನಡಿಯಲ್ಲಿ ಮೇಸ್ತ್ರಿಗೆ ಕಂಡಿತು: ಅವರು ಹಲ್ಲಿನ ಸೆಟ್ಟನ್ನು ತೆಗೆದು ಕರವಸ್ತ್ರದಲ್ಲಿ ಸುತ್ತುತ್ತಿದ್ದರು.

ಈ ಮುಖ ಹೊತ್ತು ಮನೆಗೆ ಹೇಗೆ ಹೋಗುವುದು? ಹೆಂಡತಿಗೆ ಏನು ಹೇಳುವುದು? ಕ್ಲಿನಿಕ್ಕಿಗೆ ತಿರುಗಬೇಕಾದ ತಿರುವು ಬಂತು, ತಿರುಗಲಿಲ್ಲ. ಸುಮ್ಮನೆ ನೇರ ಹೊಡೆದ. ಹಾಳಾದ ಕಾರು ಆವತ್ತು ಓಡಿದಂತೆ ಯಾವತ್ತೂ ಓಡಿರಲಿಲ್ಲ. ಕಾರ್ಖಾನೆಗಳು ದಾಟಿದವು, ಇಟ್ಟಿಗೆ ಗೂಡುಗಳು ದಾಟಿದವು, ಮನೆಗಳು ಮುಗಿದು ಬಯಲು ಬಂತು. ಹಿಂದಿನ ಸೀಟಿನಿಂದ ಚಕಾರವಿಲ್ಲ. ಬಯಲಿನ ನಟ್ಟನಡುವೆ ಕಾರು ಕೆಮ್ಮಿತು, ಮುಗ್ಗರಿಸಿತು, ನಿಂತಿತು.

ಮೇಸ್ತ್ರಿ ಕೀಲಿ ಮುಟ್ಟಿರಲಿಲ್ಲ. ಓಡಿಹೋಗಿ ಕ್ಯಾಪು ಕಿತ್ತು ಬಗ್ಗಿ ನೋಡಿದರೆ ಟ್ಯಾಂಕು ಖಾಲಿ. ದಿನಾ ಬಗ್ಗಿ ನೋಡಿ, ಪೆಟ್ರೋಲ್ ಕಮ್ಮಿಯಾಗಿದೆ ಎಂದು ಹೇಳುತ್ತಿದ್ದವರು ಅತ್ತೆ. ಇವತ್ತು ಸೇತುವೆಯ ಮೇಲೆ ಅವರು ಹೇಳಲಿಲ್ಲ, ಇವನು ನೋಡಲಿಲ್ಲ. ಕಾರು ನಿಂತಿದೆ ಎಂದು ಭಾವಮೈದನಿಗೆ ಫೋನು ಮಾಡಿದ.

"ಗೇಜು ಎಷ್ಟು ತೋರಿಸ್ತಿದೆ ಭಾವಾ?"

"ಲೋ, ಪೆಟ್ರೋಲ್ ಮುಗಿದಿದೆ ಕಣೋ."

"ಅದು ಹಾಗೆ ಅನ್ಸುತ್ತೆ. ರಿಲೇ ಮುಟ್ಟಿ ನೋಡಿ, ಬಿಸಿಯಾಗಿದ್ಯಾ?"

"ಪೆಟ್ರೋಲೇ ಇಲ್ಲ ಅಂತೀನಿ! ಟ್ಯಾಂಕಲ್ಲಿ ಒಂದು ತೊಟ್ಟಿಲ್ಲ!"

"ಗಾಬರಿ ಆಗ್ಬೇಡಿ. ಫಿಲ್ಟರ್ ಬಿಚ್ಚಿ..."

"ಕ್ಯಾನಲ್ಲಿ ಪೆಟ್ರೋಲ್ ತಗೊಂಡು ಬಾರೋ ಮಾರಾಯಾ!"

ಅತ್ತೆ ಇಳಿದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದರು. ಮೇಸ್ತ್ರಿ ಹೋಗಿ ಎದುರು ನಿಂತ. ಅವನಿಂದ ತಡೆದುಕೊಳ್ಳಲಾಗಲಿಲ್ಲ.

"ಅತ್ತೆ, ತಪ್ಪು ನಂದು. ಆ ಸದ್ದು ಬರ್ತಿದ್ದದ್ದು ನನ್ನ ಕ್ಯಾಪಿಂದ. ಗಾಳಿಗೆ ದಾರಿ ಇರ್ಲಿಲ್ಲ, ತೆಗೆದಾಗ ನುಗ್ತಿತ್ತು. ನಿನ್ನೆ ತೂತು ಹಾಕಿದೆ. ಮಾವ ಎಲ್ಲಿಗೂ ಹೋಗಿಲ್ಲ... ಅಂದ್ರೆ, ಅವರು ಅಲ್ಲಿ ಇರ್ಲೇ ಇಲ್ಲ."

ಅತ್ತೆ ಕರವಸ್ತ್ರ ಬಿಚ್ಚಿ, ಸೆಟ್ಟನ್ನು ಬಾಯಿಗೆ ಹಾಕಿಕೊಂಡರು.

"ಅವರು ಹೋದ ದಿನ ನಲ್ಲಿ ನಿಲ್ಲಿಸದೆ ಬಿಟ್ಟು ಬಂದಿದ್ರು. ಹಿತ್ತಲಲ್ಲಿ ಕೂತಿದ್ರು. ನಾನು ಬಟ್ಟೆ ಒಗೀತಾ ಬೈತಿದ್ದೆ. ಉಸ್ಸ್ ಅಂದ್ರು. ಯಾವಾಗ್ಲೂ ಅನ್ನೋದೇ ಅಲ್ವಾ. ನಾನು ನಿಲ್ಲಿಸ್ಲಿಲ್ಲ. ಬಟ್ಟೆಯೆಲ್ಲ ಒಗೆದು, ಹಿಂಡಿ, ಹರವೋವರೆಗೂ ಬೈದೆ. ತಿರುಗಿ ನೋಡ್ತೀನಿ, ತಲೆ ವಾಲಿತ್ತು. ಯಾವಾಗ ಹೋಗಿದ್ರೋ ಏನೋ. ಹೆಣಕ್ಕೆ ಬೈದ್ನಲ್ಲಾ ನಾನು."

ಮೇಸ್ತ್ರಿ ಕೈಯಲ್ಲಿದ್ದ ಕ್ಯಾಪನ್ನು ಜೇಬಿಗೆ ತುರುಕಿದ.

"ಇನ್ನು ಈ ಬಾಯಿ ಬಿಚ್ಚೋದಿಲ್ಲ ಅಂದ್ಕೊಂಡೆ. ಹಲ್ಲು ತೆಗೆದಿಟ್ಟೆ. ಅಷ್ಟರಲ್ಲಿ ನಿಮ್ಮ ಕಾರು ಬಂತು. ನಾನು ಬೈದ್ರೆ ಹೊರಡುತ್ತೆ, ಇಲ್ದಿದ್ರೆ ಇಲ್ಲ. ನಿಮಗೆ ದಿನಾ ಕೆಲಸಕ್ಕೆ ಹೋಗ್ಬೇಕು. ಏನ್ಮಾಡ್ಲಿ? ಅಳಿಯನ ಹೊಟ್ಟೆಪಾಡು ಅಂತ ಬೈದೆ. ದಿನಾ ಅವರನ್ನ ಎಬ್ಬಿಸಿ ಎಬ್ಬಿಸಿ ಬೈದೆ. ಸತ್ತ ಮೇಲೂ ಬಿಡ್ಲಿಲ್ಲವಲ್ಲ ಈ ಹೆಂಗಸು ಅಂದ್ಕೊಂಡಿರ್ತಾರೆ ಅಂತ ನನಗೆ ನಿದ್ದೆ ಇಲ್ಲ." ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. "ಇವತ್ತು ಉಸ್ಸ್ ಅನ್ಲಿಲ್ಲ. ಮುನಿಸ್ಕೊಂಡು ಹೋದ್ರು ಅಂದ್ಕೊಂಡೆ. ನಿಜವಾಗ್ಲೂ ಬರೀ ಗಾಳಿನಾ?"

"ಬರೀ ಗಾಳಿ ಅತ್ತೆ. ನನ್ನಾಣೆ."

"ಅವರಿಗೆ ಒಂದೂ ಕೇಳಿಲ್ವಾ? ಛತ್ರಿದು, ಮದುವೇದು?"

"ಒಂದೂ ಕೇಳಿಲ್ಲ. ಕೇಳಿದ್ದೆಲ್ಲ ಬಸ್ ಸ್ಟಾಪಿನವರಿಗೆ."

ಅತ್ತೆ ದೊಡ್ಡದಾಗಿ ಅತ್ತರು. ಗಂಡ ಹೋದಮೇಲೆ ಅವರು ಅತ್ತದ್ದು ಅದೇ ಮೊದಲು. ಬಯಲಲ್ಲಿ ಕೇಳುವವರು ಯಾರೂ ಇರಲಿಲ್ಲ, ಮನಸಾರೆ ಅತ್ತರು. ಏನು ಮಾಡಬೇಕೆಂದು ತಿಳಿಯದ ಮೇಸ್ತ್ರಿ ಪಕ್ಕದ ಕಲ್ಲಿನ ಮೇಲೆ ಕೂತು ತಾನೂ ಕಣ್ಣೊರೆಸಿಕೊಂಡ. ಅತ್ತು ಮುಗಿದಾಗ ಅವರು ಮೂಗು ಸೀಟಿ, ಹಗುರವಾದವರಂತೆ, "ಮಲಗಿರ್ಲಿ ಬಿಡಿ ಪಾಪ" ಅಂದರು. ಆಮೇಲೆ ಗೋಡೆಯ ಕಡೆ ತಿರುಗುವ ಹಾಗೆ ಬಯಲಿನ ಕಡೆ ತಿರುಗಿ ಸುಮ್ಮನಾದರು. ಮೇಸ್ತ್ರಿ ಉಗುರು ಕಚ್ಚುತ್ತಾ ಕಾದ.

ಭಾವಮೈದ ಸ್ಕೂಟರಿನಲ್ಲಿ ಬಂದಿಳಿದ. ಹೆಗಲಿಗೆ ಸ್ಪ್ಯಾನರಿನ ಚೀಲ, ಕುತ್ತಿಗೆಗೆ ವೈರಿನ ಸುರುಳಿ, ಕೈಯಲ್ಲಿ ಹೊಸ ಪಂಪು. ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಪೆಟ್ರೋಲ್ ಎಲ್ಲೋ?"

ಭಾವಮೈದ ತನ್ನ ಕೈ ನೋಡಿಕೊಂಡ, ಚೀಲ ನೋಡಿದ, ಭಾವನ ಮುಖ ನೋಡಿದ.

"ಪೆಟ್ರೋಲ್ ಇಲ್ಲ ಅಂತ ಬಾಯಿ ಬಡ್ಕೊಂಡ್ರೆ ಪಂಪು ತಂದಿದ್ದೀಯಲ್ಲೋ!" ಅತ್ತೆ ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟರು. "ವೈರು ಬದಲಾಯಿಸ್ತಾನಂತೆ, ಗಾಜಿಗೆ ಗಡಿಯಾರ ಅಂಟಿಸ್ತಾನಂತೆ! ಇನ್ನು ನೀವು ಅಳಿಯಂದಿರೇ, ಊರಲ್ಲಿರೋ ಸಂದನ್ನೆಲ್ಲ ಮುಚ್ಚೋಕೆ ನಿಮಗೆ ಯಾರು ಹೇಳಿದ್ದು? ಆ ಸಕ್ಕರೆ ಡಬ್ಬಿಗೆ ನನ್ನ ಮಗಳು ಎಷ್ಟು ಚಮಚ ಮುರಿದಿದ್ದಾಳೆ ಗೊತ್ತಾ?"

ಅಷ್ಟರಲ್ಲಿ ಮೇಸ್ತ್ರಿಯ ಫೋನು ಬಡಿದುಕೊಂಡಿತು. ಹೆಂಡತಿ. "ರೀ, ಎಲ್ಲಿದ್ದೀರಿ? ಅಮ್ಮ ಹೇಗಿದ್ದಾಳೆ? ಮಾತಾಡ್ತಿದ್ದಾಳಾ?"

ಮೇಸ್ತ್ರಿ ಫೋನನ್ನು, ಇನ್ನೂ ಬೈಯುತ್ತಲೇ ಇದ್ದ ಅತ್ತೆಯ ಕಡೆಗೆ ಚಾಚಿ ಹಿಡಿದುಕೊಂಡು ನಿಂತ.